ಮೂರು ಚುಕ್ಕಿಯ ಹೂವು ಕೆಳಗಿಳಿಸಿದ ದುಂಡಪ್ಪ

ನಗುವವರು ಆಮೇಲೆ ನಗಿರಿ, ಮೊದಲು ನೀಲವ್ವನ ಪಾಡು ಕೇಳಿರಿ. ಅವಳ ಮಗ ದುಂಡಪ್ಪನಿಗೆ ಮೂವತ್ತು ವರ್ಷ. ಎತ್ತಿನಂಥ ಮೈ, ಹಾಲಿನಂಥ ಮನಸ್ಸು, ಹೇಳಿದ್ದನ್ನು ಹೇಳಿದಂತೆಯೇ ಮಾಡುವ ಬುದ್ಧಿ. ಆ ಬುದ್ಧಿಯದೇ ತಾಪತ್ರಯ.

ನೀಲವ್ವನಿಗೆ ಒಂದು ಆಸೆಯಿತ್ತು. ಆಕಾಶದಲ್ಲಿ ಮೂರು ಚುಕ್ಕಿ ಸಾಲಾಗಿ ನಿಲ್ಲುತ್ತವಲ್ಲ, ಅದರ ಕೆಳಗೆ ಮಸುಕಾದ ಒಂದು ಕಲೆ; ಅದೇನೆಂದು ಒಮ್ಮೆ ಕಣ್ಣಾರೆ ನೋಡಬೇಕು. ಗಂಡ ಇದ್ದಾಗ ಮಾಳಿಗೆಯ ಮೇಲೆ ಕೂತು ಇಬ್ಬರೂ ಜಗಳಾಡುತ್ತಿದ್ದರು. ಹೂವು ಎಂದು ಅವನು, ಹೊಗೆ ಎಂದು ಇವಳು. ಈಗ ಅವನಿಲ್ಲ, ಇವಳ ಮೊಣಕಾಲು ಏಣಿ ಹತ್ತುವುದಿಲ್ಲ.

ಊರ ಶಾಲೆಯ ಜಂಬಗಿ ಮಾಸ್ತರರು ಕನಿಕರದಿಂದ ಚುಕ್ಕಿ ನೋಡುವ ತಮ್ಮ ದುರ್ಬೀನನ್ನು ನಾಲ್ಕು ದಿನಕ್ಕೆ ಕೊಟ್ಟರು. ಕಣ್ಣಿಡುವ ಜಾಗದಲ್ಲಿ ಅದಕ್ಕೆ ಕ್ಯಾಮೆರಾ. ಮಾಳಿಗೆಯ ಮೇಲೆ ಅದು ಚಿತ್ರದ ಮೇಲೆ ಚಿತ್ರ ಕೂಡಿಸುತ್ತಿದ್ದರೆ, ಕೆಳಗೆ ಕೂತವರ ಮೊಬೈಲಿನಲ್ಲಿ ಮಸುಕಾದದ್ದೂ ನಿಧಾನವಾಗಿ ಬೆಳಗುತ್ತದೆ. ಮಾಸ್ತರರೇ ಅದನ್ನು ಮೇಲೆ ಹೂಡಿಕೊಟ್ಟರು; ಏಣಿ ಹತ್ತಿ ನೋಡಿಕೊಳ್ಳುವ ಕೆಲಸ ದುಂಡಪ್ಪನ ಪಾಲಿಗೆ ಬಂತು.

ಮೊದಲ ಸಂಜೆ ಮೊಬೈಲಿನಲ್ಲಿ ಬರೀ ಕತ್ತಲು. ಮಾಸ್ತರರು ಬಂದು ನೋಡಿದರೆ ದುರ್ಬೀನಿನ ಮುಚ್ಚಳವೇ ತೆಗೆದಿಲ್ಲ!

“ಎಲೋ ದುಂಡ್ಯಾ, ಕತ್ತಲಾಗೂದ್ರಾಗ ಮುಚ್ಚಳ ತಗೀಬೇಕೋ!”

“ಆತ್ರೀ ಸರ, ತಗೀತೇನಿ.”

ಎರಡನೆಯ ಸಂಜೆ ತೆಗೆದ. ದುರ್ಬೀನಿಂದು ತೆಗೆದ, ಹಾಲಿಂದು ತೆಗೆದ, ಉಪ್ಪಿನಕಾಯಿ ಭರಣಿಯದು ತೆಗೆದ. ಹಾಲು ಬೆಕ್ಕಿನ ಪಾಲಾಯಿತು. ಬೆಕ್ಕು ಓಡಿಸುವುದರಲ್ಲೇ ಚುಕ್ಕಿ ಮರೆತುಹೋಯಿತು.

“ಅಯ್ಯ ನನ್ನ ಕರ್ಮ! ತಗದದ್ದು ಮತ್ತ ಮುಚ್ಚಬೇಕೋ, ಮ್ಯಾಲೊಂದು ಅರಿವಿ ಹೊಚ್ಚಬೇಕೋ!”

“ಆತ್ ಬೇ ಯವ್ವಾ, ಹೊಚ್ತೇನಿ.”

ಮೂರನೆಯ ಸಂಜೆ ಮುಚ್ಚಳ ತೆಗೆದ, ಮತ್ತೆ ಮುಚ್ಚಿದ, ಮೇಲೆ ಕೌದಿ ಹೊಚ್ಚಿದ. ಮೊಬೈಲಿನಲ್ಲಿ ಮತ್ತೆ ಕತ್ತಲು! ಮಾಸ್ತರರು ಹಣೆ ಬಡಿದುಕೊಂಡರು.

“ಮುಚ್ಚಳ ತಗದು ಬಿಟ್ಟಬಿಡೋ! ಮುಂದ ಮುಟ್ಟಬ್ಯಾಡ, ಅಲ್ಲಾಡಸಬ್ಯಾಡ. ಸುಮ್ನ ಕಾಯಿ!”

“ಆತ್ರೀ ಸರ, ಕಾಯ್ತೇನಿ.”

ಮರುದಿನ ಮುಂಜಾನೆ ನೀಲವ್ವ ಒಲೆಯ ಮೇಲೆ ಬೇಳೆ ಇಟ್ಟು, ನೋಡಿಕೋ ಎಂದು ಹೇಳಿ ಪಕ್ಕದ ಮನೆಗೆ ಹೋದಳು. ದುಂಡಪ್ಪ ಗಡಿಗೆಯ ಮುಚ್ಚಳ ತೆಗೆದ. ಮುಟ್ಟಲಿಲ್ಲ, ಅಲ್ಲಾಡಿಸಲಿಲ್ಲ, ಸುಮ್ಮನೆ ಕಾದ. ಬೇಳೆ ಬೆಂದಿತು, ಸೀದಿತು, ಇದ್ದಿಲಾಯಿತು.

“ಆದ ಕೂಡ್ಲೆ ಅರಿವಿ ಹಿಡದು ಕೆಳಗ ಇಳಸಬೇಕೋ ಮಂಗ್ಯಾ! ಆರೂದ್ರಾಗ ನೀಡಬೇಕೋ!”

“ಆತ್ ಬೇ ಯವ್ವಾ, ಇಳಸ್ತೇನಿ.”

ಅಂದಿನದೇ ಕಡೆಯ ಸಂಜೆ. ಬೆಳಗಾದರೆ ಮಾಸ್ತರರು ದುರ್ಬೀನು ಒಯ್ಯುತ್ತಾರೆ. ನೀಲವ್ವ ಆಸೆ ಬಿಟ್ಟೇ ಒಲೆಯ ಮುಂದೆ ಮೊಬೈಲು ಹಿಡಿದು ಕೂತಳು. ಮಾಳಿಗೆಯ ಮೇಲೆ ದುಂಡಪ್ಪ ಮುಚ್ಚಳ ತೆಗೆದ, ಮುಟ್ಟಲಿಲ್ಲ, ಅಲ್ಲಾಡಿಸಲಿಲ್ಲ. ಮೊಬೈಲಿನಲ್ಲಿ ಮೊದಲು ಬೂದಿಯಂಥದ್ದೇನೋ ಕಂಡಿತು. ಆಮೇಲೆ ತುಸು ಕೆಂಪಾಯಿತು. ಆಮೇಲೆ ದಾಸವಾಳದಂತೆ ಒಂದೊಂದೇ ಪಕಳೆ ಬಿಚ್ಚಿತು. ನೀಲವ್ವನ ಕಣ್ಣು ತುಂಬಿ ಬಂದವು.

“ಹೂವ ಅದ ರೀ,” ಎಂದಳು ಇಲ್ಲದ ಗಂಡನಿಗೆ. “ನೀವ ಗೆದ್ರಿ.”

ಆ ಸಂತೋಷಕ್ಕೆ ಮಗನನ್ನೂ ಕೂಗಿದಳು. “ದುಂಡ್ಯಾ! ಆತೋ, ಆತು!”

ಏಣಿಯ ಮೇಲೆ ದಡದಡ ಸದ್ದು. ಮೊಬೈಲಿನ ಹೂವು ಗರಗರ ತಿರುಗಿ ಮಾಯವಾಯಿತು. ಕೈ ಸುಡದಂತೆ ಎರಡೂ ಕಡೆ ಅರಿವಿ ಹಿಡಿದು, ದುಂಡಪ್ಪ ದುರ್ಬೀನನ್ನು ತಂದು ಒಲೆಯ ಪಕ್ಕಕ್ಕಿಟ್ಟ.

“ಯಾಕ ತಂದ್ಯೋ ಇದನ್ನ?”

“ಆತು ಅಂದೆಲ್ಲ ಬೇ, ಇಳಸೇನಿ!” ಎಂದು ಅವಳ ಮುಂದೆ ಉಣ್ಣುವ ಗಂಗಾಳ ಇಟ್ಟ. “ಎಷ್ಟ ನೀಡ್ಲಿ? ಆರೂದ್ರಾಗ ನೋಡಿಬಿಡು!”