ಬಿಸಿನೀರಿಗೆ ತಯಾರಾಗದ ಒಬ್ಬರು

"ಬೆಟ್ಟ ಕಡಿಸಿ ದಾರಿ ಮಾಡಿಸಿದವನು ನಾನು. ವೈದ್ಯಶಾಲೆಯವರ ಕೈ ತೊಳೆಸುವುದು ನನಗೊಂದು ಕೆಲಸವೇ?" ಎಂದು ಸಿರಿಗೋಡಿನ ರಾಜ ವೀರಭೂಪಾಲ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಅವನು ಆಗಷ್ಟೇ ನೆರೆರಾಜ್ಯ ನೋಡಿ ಬಂದಿದ್ದ. ಅಲ್ಲಿ ಬಾಣಂತಿಯರನ್ನು ಮುಟ್ಟುವ ಮೊದಲು ಎಲ್ಲರೂ ಬೇವಿನೆಲೆ ಕುದಿಸಿದ ನೀರಿನಲ್ಲಿ ಕೈ ತೊಳೆಯುತ್ತಿದ್ದರು. ಬಾಣಂತಿ ಜ್ವರಕ್ಕೆ ಸತ್ತವರೇ ಇರಲಿಲ್ಲ. ಸಿರಿಗೋಡಿನಲ್ಲಿ ಆ ವರ್ಷ ಹನ್ನೊಂದು ಹೆಂಗಸರು ಸತ್ತಿದ್ದರು.

"ಎಂಟು ದಿನ ಕೊಟ್ಟಿದ್ದೇನೆ. ಆಮೇಲೆ ತೊಳೆಯದ ಕೈ ಒಂದು ಕಂಡರೂ ಬಾಣಂತಿ ಕೋಣೆಯ ಮೇಲ್ವಿಚಾರಕಿ ಊರು ಬಿಡಬೇಕು!"

ಆ ಮೇಲ್ವಿಚಾರಕಿ ಮಾಳವ್ವ. ಕಸ ಗುಡಿಸಲು ಬಂದವಳು, ಔಷಧದ ಭರಣಿಗಳ ಮೇಲಿನ ಹೆಸರು ನೋಡಿ ನೋಡಿ ತಾನೇ ಓದಲು ಕಲಿತು, ಆ ಕೋಣೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಆ ಕೋಣೆ ಬಿಟ್ಟರೆ ಅವಳಿಗೆ ಬೇರೆ ಮನೆಯಿರಲಿಲ್ಲ.

"ಆಗಲಿ ಪ್ರಭು," ಎಂದಳು. "ಆದರೆ ಡಂಗುರ ಬೇಡ. ಯಾರು ಒಪ್ಪುತ್ತಾರೆ, ಯಾರು ಮುಖ ಕಿವುಚುತ್ತಾರೆ ಅಂತ ಮೊದಲು ಒಂದು ಸುತ್ತು ಕೇಳಿ ಬರುತ್ತೇನೆ."

"ಕೇಳುವುದೇನಿದೆ? ನನ್ನ ಅಪ್ಪಣೆ ಸಾಲದೇ?"

"ಅಪ್ಪಣೆ ಮಾಡಿದರೆ ತಲೆ ಅಲ್ಲಾಡುತ್ತದೆ ಪ್ರಭು. ನಮಗೆ ಬೇಕಾಗಿರುವುದು ಕೈ."

ಸಭೆ ಕಿಸಕ್ಕೆಂದಿತು. ರಾಜ ಕಣ್ಣು ಕೆಕ್ಕರಿಸಿದ.

ಮೊದಲು ಉಗ್ರಾಣದ ಹುಚ್ಚೀರಯ್ಯ ಅಡ್ಡ ಬಂದ. "ಸೌದೆ ಇರೋದು ಅಡುಗೆಗೆ. ಕೈ ತೊಳೆಯೋಕೆ ಕಾಡು ಕಡಿಯಲಾ?"

"ಬೇಡ ಬಿಡಿ ಅಣ್ಣಾ. ಅಂದಹಾಗೆ, ನಿಮ್ಮ ಸೊಸೆಗೆ ಈಗ ಎಷ್ಟು ತಿಂಗಳು?"

"ಎಂಟು ತುಂಬಿತು."

"ಹೆರಿಗೆ ಎಲ್ಲಿ? ನಮ್ಮಲ್ಲೇ ತಾನೆ?"

ಹುಚ್ಚೀರಯ್ಯ ಅವಳ ಮುಖ ನೋಡಿದ. ಮಧ್ಯಾಹ್ನದೊಳಗೆ ಒಂದು ಗಾಡಿ ಸೌದೆ ಬಂದು ಬಿತ್ತು.

ಮರುದಿನ ಆಳುಹೆಂಗಸರು ರಾಗ ಎಳೆದರು. "ಅಕ್ಕಾ, ಎದುರಿಗೇ ಕೈ ತೊಳೆದರೆ 'ನಮ್ಮನ್ನ ಮುಟ್ಟೋಕೆ ಹೇಸ್ತೀರಾ' ಅಂತ ಬಾಣಂತಿಯರು ಜಗಳಕ್ಕೆ ಬರ್ತಾರೆ."

ಮಾಳವ್ವ ನೇರ ಬಾಣಂತಿಯರ ಹತ್ತಿರ ಹೋದಳು. "ಅರಮನೆಯಲ್ಲಿ ರಾಣಿಯವರನ್ನ ಮುಟ್ಟಬೇಕಾದ್ರೆ ಕೈ ತೊಳೆದೇ ಹೋಗಬೇಕು. ನೀವೇನು ಕಮ್ಮಿನಾ?"

ಅಷ್ಟೇ ಸಾಕಾಯಿತು. ಸಂಜೆಗೆ ಕೋಣೆಯ ತುಂಬ ಒಂದೇ ಗದ್ದಲ. "ಏ, ಮೊದಲು ಕೈ ತೋರಿಸೇ! ಒದ್ದೆ ಇದೆಯಾ? ಹಾಂ, ಈಗ ಬಾ!"

ಮೂರನೆಯ ದಿನ ಎಲ್ಲರೂ ತೊಳೆದರು. ಹಿರಿಯ ವೈದ್ಯ ತ್ರಿಯಂಬಕ ಪಂಡಿತರು ಮಾತ್ರ ಹಂಡೆಯ ಪಕ್ಕ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು.

"ಪಂಡಿತರೇ, ನೀರು ಹದವಾಗಿದೆ."

"ನನಗೆ ಶೀತ."

"ಕೈಗೂ ಮೂಗಿದೆಯಾ?"

ಪಂಡಿತರು ಅತ್ತಿತ್ತ ನೋಡಿ ಮೆಲ್ಲಗೆ ಕೈ ಮುಂದೆ ಚಾಚಿದರು. ಎರಡೂ ಮುಂಗೈಯಲ್ಲಿ ಹರಳು ಕೂರಿಸಿದ ದಪ್ಪ ಚಿನ್ನದ ಕಡಗ. "ಒಳಗೆಲ್ಲ ಅರಗು ತಾಯಿ. ದಿನಾ ಬಿಸಿನೀರು ತಾಕಿದರೆ ಕರಗಿ ಹರಳು ಉದುರುತ್ತೆ."

"ಕಳಚಿಡಿ."

"ಕಳಚಿದರೆ ಪದವಿಯೇ ಹೋಯಿತು! ಮಹಾರಾಜರು ತೊಡಿಸಿದ ಮರ್ಯಾದೆ ಕಡಗ ಇದು. ಏನು ಬರೆದಿದೆ ನೋಡು."

ಮಾಳವ್ವ ಬಗ್ಗಿ ಓದಿದಳು. ನಗು ಬಂತು, ನುಂಗಿಕೊಂಡಳು.

ಅಂದು ಸಂಜೆ ರಾಜ ಕೇಳಿದ. "ಮುಗಿಯಿತೇ?"

"ಒಬ್ಬರು ತಯಾರಿಲ್ಲ ಪ್ರಭು."

"ಯಾರು?"

"ಇನ್ನಷ್ಟು ದಿನ ನೋಡೋಣ. ಒಳ್ಳೆಯವರು, ಸ್ವಲ್ಪ ಹಟ."

ನಾಲ್ಕನೆಯ ದಿನವೂ ಅದೇ ಉತ್ತರ, ಐದನೆಯ ದಿನವೂ ಅದೇ. ಆರನೆಯ ದಿನ ರಾಜ ಊಟ ಅರ್ಧಕ್ಕೆ ಬಿಟ್ಟ. ಏಳನೆಯ ದಿನ ತಾನೇ ಹೇಳಿಕಳಿಸಿದ: "ಆ ಮೊಂಡ ಬಗ್ಗಿದನೋ ಇಲ್ಲವೋ?"

"ಇಲ್ಲ. ಬಿಸಿ ಏರುತ್ತಿದೆ," ಎಂದು ಉತ್ತರ ಬಂತು.

ಎಂಟನೆಯ ದಿನ ಸಭೆಯಲ್ಲಿ ರಾಜ ಗುಡುಗಿದ. "ಹೆಸರು ಹೇಳು ಮಾಳವ್ವ!"

"ಭಯ ಆಗುತ್ತದೆ ಪ್ರಭು. ದೊಡ್ಡ ಮನುಷ್ಯರು."

"ನನಗಿಂತ ದೊಡ್ಡವನೇ?"

"ದೊಡ್ಡವರಲ್ಲ. ಚಿಕ್ಕವರೂ ಅಲ್ಲ."

"ನನ್ನ ಒಡಹುಟ್ಟಿದವನೇ ಆಗಲಿ, ಅವನ ಹಟ ಈಗಲೇ ಮುರಿಯುತ್ತೇನೆ. ಸಭೆಯ ಮುಂದೆ ಮಾತು ಕೊಡುತ್ತಿದ್ದೇನೆ!"

ಮಾಳವ್ವ ಪಂಡಿತರನ್ನು ಮುಂದೆ ಕರೆದು, ಅವರ ಕೈ ಎತ್ತಿ ಹಿಡಿದು, ಕಡಗದ ಮೇಲಿನ ಅಕ್ಷರಗಳನ್ನು ಒಂದೊಂದಾಗಿ, ಸಭೆಯ ಕೊನೆಯವರೆಗೂ ಕೇಳುವಂತೆ ಓದಿದಳು.

"'ಇದನ್ನು ಕಳಚಿದವನಿಗೆ ಪದವಿಯಿಲ್ಲ. ಇದು ನಮ್ಮ ಆಜ್ಞೆ. ವೀರಭೂಪಾಲ.'"

ಪಂಡಿತರು ಕೈ ಹಿಂದಕ್ಕೆ ಎಳೆದುಕೊಳ್ಳಲು ನೋಡಿದರು.

ರಾಜ ಕಡಗವನ್ನು ನೋಡಿದ, ಮಾಳವ್ವನನ್ನು ನೋಡಿದ. ಮೀಸೆ ಅದುರಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಸಿಂಹಾಸನದಿಂದ ಇಳಿದು ಬಂದು ಎರಡೂ ಕಡಗಗಳನ್ನು ತಾನೇ ಕಳಚಿದ. "ಇನ್ನು ಮೇಲೆ ವೈದ್ಯಶಾಲೆಯಲ್ಲಿ ಬರಿಗೈಯೇ ಮರ್ಯಾದೆ. ಮಾಳವ್ವ ಬದುಕಿರುವ ತನಕ ಬಾಣಂತಿ ಕೋಣೆ ಅವಳದೇ."

ನಗು ಇಳಿದ ಮೇಲೆ ಅವಳತ್ತ ಬೆರಳು ತೋರಿದ. "ಮೂರನೆಯ ದಿನವೇ ನಿನಗೆ ಗೊತ್ತಿತ್ತು. ಅವತ್ತೇ ಯಾಕೆ ಹೇಳಲಿಲ್ಲ?"

"ಅವತ್ತೇ ಹೇಳಿದ್ದರೆ ನಾನು ಇಷ್ಟು ಹೊತ್ತಿಗೆ ಗಡಿ ದಾಟಿರುತ್ತಿದ್ದೆ ಪ್ರಭು," ಎಂದಳು ಮಾಳವ್ವ. "ವೈದ್ಯಶಾಲೆ ತಯಾರಾಗಲು ಮೂರು ದಿನ ಸಾಕಾಯಿತು. ಮಿಕ್ಕ ಐದು ದಿನ ಹಿಡಿದದ್ದು ತಮ್ಮನ್ನು ತಯಾರು ಮಾಡಲು."