ಕೋಣನ ಹೃದಯ ಎಷ್ಟು ದೊಡ್ಡದು?

ಕಂಬಳಕ್ಕೆ ಎರಡೇ ದಿನ ಇರುವಾಗ, ಬೆನ್ನ ಮೇಲೆ ಕೂತ ಬೆಳ್ಳಕ್ಕಿ ಓಟದ ಕೋಣನಿಗೆ, “ನಿನ್ನ ಹೃದಯ ಊದಿದೆ, ಓಡಿದರೆ ಒಡೆದೀತು” ಎಂದಿತು.

ಗಾಬರಿಯಾದ ಕೋಣ ಬಾವಲಿಯನ್ನು ಕರೆಸಿತು. ಬಾವಲಿ ಅದರ ಎದೆಯ ಹತ್ತಿರ ಕೀಚೆಂದು ಕೂಗಿ, ಮರಳಿ ಬಂದ ಸದ್ದನ್ನು ಆಲಿಸಿ, “ಒಂದು ಗೇಣು” ಎಂದಿತು.

ಕೋಣ ಹೆಬ್ಬಾವನ್ನೂ ಕೇಳಿತು. ಹೆಬ್ಬಾವು ಅದರ ಮೈಯನ್ನು ಸುತ್ತಿಕೊಂಡು, “ಉಸಿರು ಹಿಡಿ, ಅಲುಗಾಡಬೇಡ” ಎಂದು ಗದರಿಸಿತು. ಬಹಳ ಹೊತ್ತಿನ ಮೇಲೆ, “ಗೇಣಿನ ಮೇಲೆ ಎರಡು ಬೆರಳು” ಎಂದಿತು.

“ನೀನು ಹಿಚುಕಿದ್ದಕ್ಕೇ ಊದಿತು!” ಎಂದಿತು ಬಾವಲಿ.

“ನೀನು ಮುಟ್ಟದೆಯೇ ಕಿರುಚಿದೆ, ನಾನು ಅಪ್ಪಿ ಅಳೆದೆ!” ಎಂದಿತು ಹೆಬ್ಬಾವು.

ಕೋಣನ ತಲೆ ಕೆಟ್ಟುಹೋಯಿತು. “ಎಷ್ಟಾದರೂ ಇರಲಿ ಮಾರಾಯ್ರೆ, ನಾನು ಓಡಬಹುದೋ, ಬಾರದೋ?”

“ಮುಕ್ಕಾಲು ಗೇಣು ದಾಟಿದರೆ ರೋಗವೇ” ಎಂದವು ಎರಡೂ. ಅದೊಂದರಲ್ಲಿ ಮಾತ್ರ ಅವಕ್ಕೆ ಒಮ್ಮತವಿತ್ತು.

“ಯಾರನ್ನು ಅಳೆದು ಹಾಗೆ ಹೇಳುತ್ತೀರಿ?”

“ಈ ಹಟ್ಟಿಯ ಎಮ್ಮೆಗಳನ್ನೆಲ್ಲ.”

“ಅವರಲ್ಲಿ ಓಡಿದವರು ಯಾರು?”

ಬಾವಲಿ ಹೆಬ್ಬಾವಿನ ಮುಖ ನೋಡಿತು. ಹೆಬ್ಬಾವು, ಮಲಗಿ ಮೆಲುಕು ಹಾಕುತ್ತಿದ್ದ ಎಮ್ಮೆಗಳನ್ನು ನೋಡಿತು.

“ಕೋಣಣ್ಣ,” ಎಂದಿತು ಬಾವಲಿ ಕೊನೆಗೆ, “ಇನ್ನೊಮ್ಮೆ ಅಳೆಯಲೇ?”