ಮುಚ್ಚುಬುಟ್ಟಿ ಮನೆ

ಗವಿಕಟ್ಟೆಯಲ್ಲಿ ಬಸ್ಸಿಳಿದು ಬಂಡೆಸಾಲಿನ ಕಡೆ ತಿರುಗಿದರೆ, ಓಣಿಯ ಕೊನೆಯಲ್ಲಿ ಕಾಡುಗಲ್ಲು, ಕೆಮ್ಮಣ್ಣಿನಿಂದ ಕಟ್ಟಿದ ಒಂದು ಗಿಡ್ಡ ಮನೆ ಕಾಣುತ್ತದೆ. ಸುತ್ತ ತಾರಸಿ ಮನೆಗಳು ಎದ್ದಿದ್ದರೂ ಇದರ ಮಾಳಿಗೆಯ ಮೇಲೆ ಇಂದಿಗೂ ಮಳೆನೀರು ಸೋರಗೊಡದ ಕರ್ಲುಮಣ್ಣೇ ಇದೆ. ಮನೆತನದವರು ಬೇಸಿಗೆಯಲ್ಲಿ ಕೂಡಿಬಂದು ಹೊಸ ಮಣ್ಣು ಮೆತ್ತಿ ಹೋಗುತ್ತಾರೆ. ಇದಕ್ಕೆ ಮುಚ್ಚುಬುಟ್ಟಿ ಮನೆ ಎಂದು ಹೆಸರು. ಬುಟ್ಟಿ ಹೆಣೆಯುವವರು ಇದ್ದಿರಬೇಕೆಂದು ಹೊಸಬರು ಊಹಿಸುವುದುಂಟು. ಇದ್ದವರು ಕುರಿಗಾರರು. ಹೆಸರು ಬಂದದ್ದು ಒಬ್ಬ ಅತ್ತೆಯ ಅನುಮಾನದಿಂದ ಎನ್ನುತ್ತಾರೆ ಹಿರಿಯರು.

ಹಿಂದೆ, ಪಾಳೆಯಗಾರರ ಕಾಲದಲ್ಲಿ, ಇಲ್ಲಿ ಗಾದ್ರಮ್ಮನೆಂಬ ವಿಧವೆ ಇದ್ದಳು. ಹಿರಿಯ ಮಗ ಬೊಮ್ಮಯ್ಯ ಹೊಳೆ ದಾಟುವಾಗ ಕೊಚ್ಚಿಹೋದನೆಂದು ಕಿರಿಯವನಾದ ಓಬಯ್ಯ ಬಂದು ಹೇಳಿದ ದಿನದಿಂದ ಅವಳಿಗೆ ಲೋಕದ ಮೇಲೆ ನಂಬಿಕೆ ಹೋಗಿತ್ತು. ಹೆಣವೂ ಸಿಗದೆ ಎಳ್ಳುನೀರು ಬಿಟ್ಟವಳು. ಕೆಲವು ವರ್ಷಗಳ ಮೇಲೆ ಓಬಯ್ಯನಿಗೆ ಮಾರಕ್ಕನನ್ನು ತಂದಳು. ಓಬಯ್ಯ ಕುರಿಮಂದೆ ಹೊಡೆದುಕೊಂಡು ದೂರದ ಮೇವಿಗೆ ಹೋದದ್ದೇ ತಡ, ಸೊಸೆಯ ನಡೆ ಬದಲಾಯಿತು. ಹೊತ್ತು ನೆತ್ತಿಗೇರುತ್ತಲೂ ಒಂದು ಬುಟ್ಟಿಗೆ ಮುತ್ತುಗದ ಎಲೆ ಮುಚ್ಚಿ, ಸೌದೆಗೆಂದು ಗುಡ್ಡದ ದಾರಿ ಹಿಡಿಯುತ್ತಿದ್ದಳು. ಬರುವಾಗ ಸೌದೆ ಇರುತ್ತಿತ್ತು. ಆದರೆ ಸೌದೆಗೆ ಹೋಗುವವರು ಬುಟ್ಟಿಯನ್ನೇಕೆ ಮುಚ್ಚಿಕೊಂಡು ಹೋಗಬೇಕು?

ಗಾದ್ರಮ್ಮ ಹಿಟ್ಟಿನ ಮಡಕೆಯಲ್ಲಿ ಹಿಟ್ಟನ್ನು ಸವರಿ, ಮೇಲೆ ಬೆರಳಿನಿಂದ ಗೀರು ಎಳೆದಿಟ್ಟಳು. ಸಂಜೆಗೆ ಹಿಟ್ಟು ಇಳಿದಿತ್ತು, ಅವಳಂತೆಯೇ ಯಾರೋ ಹೊಸ ಗೀರೂ ಎಳೆದಿದ್ದರು! ‘ಇವಳು ನನಗಿಂತ ಜಾಣೆ’ ಎಂದು ಅವಳ ಹೊಟ್ಟೆ ಉರಿಯಿತು. ನೀರಿನ ದಾರಿಯಲ್ಲಿ ನೆರೆಯವಳೊಬ್ಬಳು, “ನಿನ್ನ ಸೊಸೆ ದಿನಾ ಯಾರಿಗೆ ಬುತ್ತಿ ಹೊರ್ತಾಳೆ, ಗಾದ್ರಕ್ಕ?” ಎಂದು ನಕ್ಕಳು. ಊರಿಗೇ ವಾಸನೆ ಬಡಿದಿದೆ ಎಂದಾಯಿತು. ಮರುದಿನ ಸೊಸೆ ಹುಚ್ಚೆಳ್ಳು ಚಟ್ನಿ ಅರೆಯುತ್ತಿದ್ದಳು. ಅದು ಮನೆಯಲ್ಲಿ ಯಾರಿಗೂ ಸೇರದು. ಸೇರುತ್ತಿದ್ದವನು ಸತ್ತು ಎಷ್ಟೋ ಕಾಲವಾಗಿತ್ತು. “ಯಾರಿಗೇ ಇದು?” ಎಂದರೆ ಮಾರಕ್ಕ ತಲೆ ತಗ್ಗಿಸಿ, “ನನಗೇ ಬಾಯಿ ಕೆಟ್ಟೈತೆ, ಅತ್ತೆವ್ವ” ಎಂದಳು.

ಗಾದ್ರಮ್ಮ ಕುಡುಗೋಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸೊಸೆಯ ಬೆನ್ನು ಹಿಡಿದಳು. ಪೊದೆಯಿಂದ ಪೊದೆಗೆ ಮರೆಯಾಗುತ್ತ ಏರಿದವಳಿಗೆ ಸೊಸೆ ಹೊಕ್ಕ ಗವಿಯೊಳಗಿಂದ ಗಂಡಸಿನ ಕೆಮ್ಮು ಕೇಳಿತು. ಅನುಮಾನ ನಿಜವಾಯಿತೆಂಬ ಸಿಟ್ಟಿನಲ್ಲಿ ಒಳನುಗ್ಗಿದಳು. ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದವನು, “ಅವ್ವಾ, ಹತ್ರ ಬರಬ್ಯಾಡ!” ಎಂದು ಕೂಗಿದ. ಬೆರಳುಗಳು ಮೊಂಡಾಗಿದ್ದವು, ಮುಖ ಊದಿತ್ತು. ದನಿ ಮಾತ್ರ ಬೊಮ್ಮಯ್ಯನದೇ. ಕುಷ್ಠವೆಂಬ ದೊಡ್ಡರೋಗ ಹತ್ತಿದ್ದು ಗೊತ್ತಾಗಿ, ಮನೆಗೆ ಕಳಂಕ ಬೇಡವೆಂದು ತಾನೇ ತಮ್ಮನ ಕೈಯಲ್ಲಿ ಸಾವಿನ ಸುಳ್ಳು ಹೇಳಿಸಿದ್ದ. ಬುತ್ತಿ ತರುತ್ತಿದ್ದ ಓಬಯ್ಯ ದೂರ ಹೋಗುವಾಗ, ಅವ್ವನಿಗೆ ಹೇಳಕೂಡದೆಂದು ಆಣೆ ಹಾಕಿಸಿ ಹೆಂಡತಿಗೆ ಆ ಕೆಲಸ ಒಪ್ಪಿಸಿದ್ದ.

ಗಾದ್ರಮ್ಮನ ಕೈಯಿಂದ ಕುಡುಗೋಲು ಜಾರಿತು. “ಬದುಕಿರೋನಿಗೆ ಎಳ್ಳುನೀರು ಬಿಡಿಸಿದೆಯಲ್ಲೋ” ಎಂದು ಮಗನ ಮೈಯನ್ನೆಲ್ಲ ತಡವಿದಳು. ಆಮೇಲೆ ಸೊಸೆಯ ಕಡೆ ತಿರುಗಿ, “ಬುಟ್ಟಿ ನನ್ನ ತಲೆಗೆ ಹೊರಿಸೇ” ಎಂದಳು. ಮುಚ್ಚಿದ ಎಲೆಯನ್ನು ಕಿತ್ತೆಸೆದು, ಹಾಡುಹಗಲಲ್ಲಿ, ಊರ ನಡುಬೀದಿಯಲ್ಲಿ ಮಗನನ್ನು ನಡೆಸಿಕೊಂಡು ಬಂದಳು. ಜನ ಮಕ್ಕಳನ್ನೆಳೆದುಕೊಂಡು ಬಾಗಿಲು ಹಾಕಿಕೊಂಡರು.

ಊರಗೌಡ ದೂರದಲ್ಲೇ ನಿಂತು ಹೇಳಿದ: “ಇಟ್ಕೋ. ಬೇರೆ ಕೋಣೆ ಕಟ್ಟು, ಬಾಗಿಲು ಮಾತ್ರ ಹಿತ್ತಿಲ ಕಡೆಗಿರಲಿ. ಇಲ್ಲದಿದ್ರೆ ನಿಮಗೆ ಊರ ಬೆಂಕಿ ನೀರು ಇಲ್ಲ.”

“ನನ್ನ ಮಗ ಹಿತ್ತಿಲಲ್ಲಿ ಹುಟ್ಟಿದೋನಲ್ಲ, ಗೌಡ” ಎಂದಳು ಗಾದ್ರಮ್ಮ.

ಬೊಮ್ಮಯ್ಯ ಬದುಕಿರುವವರೆಗೂ ಆ ಮನೆಗೆ ಯಾರೂ ಬೆಂಕಿ ಕೊಡಲಿಲ್ಲ, ಬಾವಿಗೆ ಸೇರಿಸಲಿಲ್ಲ. ಓಬಯ್ಯ ಮಂದೆಯ ಹಿಂದೆ ಅಲೆಯುತ್ತಿದ್ದರೆ, ಅತ್ತೆ ಸೊಸೆಯರಿಬ್ಬರೇ ಗುಡ್ಡದ ಒರತೆಯಿಂದ ನೀರು ಹೊತ್ತರು. ಹಂಗಿಸಲೆಂದು ಜನ ಇಟ್ಟ ಹೆಸರೇ ಮುಚ್ಚುಬುಟ್ಟಿ ಮನೆ. ಮನೆಯವರು ಅದನ್ನು ಅಳಿಸಲು ಹೋಗಲಿಲ್ಲ.

ಈಗ ನೋಡಲು ಬರುವವರಿಗೆ ಈ ಪುಟ್ಟ ಮನೆಗೆ ಬೀದಿಯ ಕಡೆಗೇ ಎರಡು ಬಾಗಿಲು ಏಕೆಂಬುದು ಮೊದಲು ತಿಳಿಯುವುದಿಲ್ಲ. ಒಂದಕ್ಕೆ ಹೂಬಳ್ಳಿ ಕೆತ್ತಿದ ಹೊಸ್ತಿಲು. ಇನ್ನೊಂದು ಬೊಮ್ಮಯ್ಯನ ಕೋಣೆಯದು, ಅದಕ್ಕೆ ಆ ಹೆಂಗಸರಿಬ್ಬರು ಉರುಳಿಸಿ ತಂದರೆನ್ನುವ ಒರಟು ಕಲ್ಲು. ಮನೆತನದ ಮದುವೆಗಳಲ್ಲಿ ಹೊಸ ಸೊಸೆಯನ್ನು ಮೊದಲು ದಾಟಿಸುವುದು ಆ ಒರಟು ಕಲ್ಲನ್ನೇ.